ಅಡುಗೆಮನೆಯಲ್ಲಿ ಉಳಿದ ವಿಶ್ವಾಸ: ಯೇಸುಸ್ವಾಮಿಯ ಪಾಸ್ಕವೂ ನಮ್ಮ ನಾಡಿನ ಯೆಹೂದ್ಯರೂ

ಪವಿತ್ರ ಗುರುವಾರದ ಸಂಜೆಯ ಬಲಿಪೂಜೆಯಲ್ಲಿ ನಾವು ಆಲಿಸುವ ಮೊದಲನೆಯ ವಾಚನ ವಿಮೋಚನಕಾಂಡದ ಹನ್ನೆರಡನೆಯ ಅಧ್ಯಾಯದ್ದು. ಕುರಿಮರಿಯನ್ನು ಹೇಗೆ ಆರಿಸಬೇಕು, ಯಾವಾಗ ಕೊಯ್ಯಬೇಕು, ಹೇಗೆ ಸುಡಬೇಕು, ಅದರ ಜೊತೆಗೆ ಯಾವ ರೊಟ್ಟಿ, ಯಾವ ಸೊಪ್ಪು ತಿನ್ನಬೇಕು, ನಡುಕಟ್ಟಿಕೊಂಡು ಕೆರ ಮೆಟ್ಟಿಕೊಂಡು ಹೇಗೆ ಉಣ್ಣಬೇಕು ಎಂಬ ವಿವರಗಳೇ ಅದರ ತುಂಬ ಇವೆ. ಬಿಡುಗಡೆಯ ಇಷ್ಟು ದೊಡ್ಡ ರಾತ್ರಿಯಲ್ಲಿ ದೇವರು ಅಡುಗೆ ಊಟದ ಬಗ್ಗೆ ಇಷ್ಟೇಕೆ ಹೇಳಿದರು ಎಂದು ನಮ್ಮಲ್ಲಿ ಹಲವರಿಗೆ ಅನ್ನಿಸಿರಬಹುದು.

ಇದಕ್ಕೆ ಉತ್ತರ ಬೇಕಿದ್ದರೆ ಆ ಅಧ್ಯಾಯವನ್ನು ಮೂರು ಸಾವಿರ ವರ್ಷಗಳಿಂದ ಬಿಡದೆ ಪಾಲಿಸಿಕೊಂಡು ಬಂದಿರುವ ಯೆಹೂದ್ಯ ಕುಟುಂಬಗಳನ್ನು ನೋಡಬೇಕು. ಅವರನ್ನು ಹುಡುಕಿಕೊಂಡು ಜೆರುಸಲೇಮಿಗೇ ಹೋಗಬೇಕಾಗಿಲ್ಲ. ನಮ್ಮ ಮಂಗಳೂರಿನಲ್ಲಿ, ಪಕ್ಕದ ಕೊಂಕಣದಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ ಅವರು ಬಾಳಿದ್ದಾರೆ. ರಾಜಾನುಕುಂಟೆಯ ಸುತ್ತಮುತ್ತಲ ಹೊಸ ಬಡಾವಣೆಗಳಲ್ಲಿ ಬೇರೆ ಬೇರೆ ಊರುಗಳಿಂದ ಬಂದು ನೆಲೆಸಿರುವ ನಮ್ಮಂಥ ಕುಟುಂಬಗಳಿಗೆ ಅವರ ಚರಿತ್ರೆಯಲ್ಲಿ ಒಂದು ಪಾಠವಿದೆ. ಹುಟ್ಟೂರಿನ ದೇವಾಲಯದ ಗಂಟೆ ಕೇಳಿಸದ ಕಡೆ, ಅಕ್ಕಪಕ್ಕದವರು ನಮ್ಮ ಹಬ್ಬಗಳನ್ನು ಅರಿಯದ ಕಡೆ, ವಿಶ್ವಾಸವನ್ನು ಮಕ್ಕಳಿಗೆ ದಾಟಿಸುವುದು ಹೇಗೆ ಎಂಬ ಪಾಠವದು.

ಯೇಸುಸ್ವಾಮಿ ಯೆಹೂದ್ಯರು

ನಮಗೆ ತಿಳಿದಿದ್ದರೂ ನಾವು ಆಗಾಗ ಮರೆಯುವ ಸತ್ಯವೊಂದಿದೆ. ಯೇಸುಸ್ವಾಮಿ ಯೆಹೂದ್ಯರಾಗಿ ಹುಟ್ಟಿದರು, ಯೆಹೂದ್ಯರಾಗಿ ಬಾಳಿದರು, ಯೆಹೂದ್ಯರಾಗಿಯೇ ಪ್ರಾಣ ತ್ಯಜಿಸಿದರು. ಎಂಟನೆಯ ದಿನ ಅವರಿಗೆ ಸುನ್ನತಿಯಾಯಿತು. ಸಬ್ಬತ್ ದಿನದಂದು ನಜರೇತಿನ ಪ್ರಾರ್ಥನಾಮಂದಿರಕ್ಕೆ ಹೋಗಿ ಪ್ರವಾದಿ ಯೆಶಾಯನ ಸುರುಳಿಯನ್ನು ಬಿಚ್ಚಿ ಓದಿದರು. ರಕ್ತಸ್ರಾವದಿಂದ ನರಳುತ್ತಿದ್ದ ಹೆಂಗಸು ಮುಟ್ಟಿದ್ದು ಅವರ ಉಡುಪಿನ ಅಂಚನ್ನು. ಸಂಖ್ಯಾಕಾಂಡದ ಆಜ್ಞೆಯಂತೆ ಯೆಹೂದ್ಯರು ಉಡುಪಿನ ಅಂಚಿಗೆ ಕಟ್ಟುವ ಗೊಂಡೆ ಅದಾಗಿದ್ದಿರಬೇಕು ಎನ್ನುತ್ತಾರೆ ಪವಿತ್ರಗ್ರಂಥದ ಪಂಡಿತರು. ಮಾತೆ ಮರಿಯಮ್ಮನವರು ಶುಕ್ರವಾರ ಹೊತ್ತು ಮುಳುಗುವ ಮುನ್ನ ಸಬ್ಬತ್ತಿಗಾಗಿ ಮನೆಯನ್ನು ಅಣಿಮಾಡುತ್ತಿದ್ದ ತಾಯಿ. ನಾವು ಇಂದಿಗೂ ಕನ್ನಡ ಪೂಜೆಯಲ್ಲಿ ಹೇಳುವ ಆಮೆನ್, ಅಲ್ಲೆಲೂಯ, ಹೊಸಾನ್ನ ಎಂಬ ಮಾತುಗಳು ಅವರ ಮನೆಯ ಹೀಬ್ರೂ ಮಾತುಗಳೇ.

ಮಂಗಳೂರಿನ ಒಬ್ಬ ಯೆಹೂದ್ಯ

ಕ್ರಿ.ಶ. 1132ರ ಹೊತ್ತಿಗೆ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕ ನೆಲೆಸಿದ್ದ. ಆತ ಉತ್ತರ ಆಫ್ರಿಕಾದ ಟ್ಯುನೀಸಿಯಾ ಕಡಲತೀರದ ಮಹದಿಯಾ ಪಟ್ಟಣದವನು. ಏಡನ್ ಬಂದರಿನ ಮೂಲಕ ನಮ್ಮ ಕರಾವಳಿಗೆ ಬಂದು, 1149ರವರೆಗೆ, ಅಂದರೆ ಸುಮಾರು 17 ವರ್ಷ ಇಲ್ಲಿದ್ದ. ಅಡಿಕೆ, ಮೆಣಸು, ಏಲಕ್ಕಿ, ಕಬ್ಬಿಣವನ್ನು ಏಡನ್ನಿಗೆ ಕಳುಹಿಸುತ್ತಿದ್ದ. ಇಲ್ಲಿ ಕಂಚಿನ ಪಾತ್ರೆಗಳ ಕಮ್ಮಟವನ್ನೂ ನಡೆಸುತ್ತಿದ್ದ. ಏಡನ್ನಿನ ಯೆಹೂದ್ಯರು ಒಡೆದ ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸಿ, ಕರಗಿಸಿ ಹೊಸದು ಮಾಡಿಕೊಡುವಂತೆ ಕೇಳುತ್ತಿದ್ದರು. 1132ರ ಅಕ್ಟೋಬರ್ 17ರಂದು ಆತ ಅಶು ಎಂಬ ಇಲ್ಲಿನ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಆಕೆಗೆ ಬೆರಾಖಾ, ಅಂದರೆ ಆಶೀರ್ವಾದ, ಎಂಬ ಹೀಬ್ರೂ ಹೆಸರಾಯಿತು. ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಒಂಬೈನೂರು ವರ್ಷಗಳ ಹಿಂದಿನ ಈ ಸಂಗತಿಗಳು ನಮಗೆ ತಿಳಿದುಬಂದದ್ದು ಯೆಹೂದ್ಯರ ಒಂದು ಭಕ್ತಿಯ ಪದ್ಧತಿಯಿಂದ. ದೇವರ ನಾಮವಿರುವ ಬರಹವನ್ನು ಅವರು ಕಸಕ್ಕೆ ಎಸೆಯುವುದಿಲ್ಲ, ಸುಡುವುದಿಲ್ಲ. ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಕೂಡಿಟ್ಟು ಕೊನೆಗೆ ಹೂಳುತ್ತಾರೆ. ಆ ಕೋಣೆಗೆ ಗೆನೀಜಾ ಎಂದು ಹೆಸರು. ವ್ಯಾಪಾರದ ಕಾಗದಗಳಲ್ಲಿಯೂ ದೇವರ ಸ್ಮರಣೆ ಇರುತ್ತಿದ್ದುದರಿಂದ ಅವೂ ಅಲ್ಲಿಗೇ ಸೇರುತ್ತಿದ್ದವು. ಬೆನ್ ಯಿಜುವಿನ ಕಾಗದಗಳು ಅವನ ಜೊತೆ ಈಜಿಪ್ಟಿಗೆ ಹೋಗಿ, ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಗೆನೀಜಾದಲ್ಲಿ ಉಳಿದವು. 1897ರ ಸುಮಾರಿಗೆ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಆ ಭಂಡಾರದ ದೊಡ್ಡ ಪಾಲನ್ನು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ತಂದರು. ಮುಂದೆ ಗೊಯ್ಟೈನ್ ಎಂಬ ಪಂಡಿತರು ಭಾರತದ ವ್ಯಾಪಾರಕ್ಕೆ ಸೇರಿದ ಪತ್ರಗಳನ್ನು ಓದಿ ವಿವರಿಸಿದರು. ಲೇಖಕ ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದೇ ಕಥೆಯನ್ನು ಹೇಳಿದ್ದಾರೆ.

ಆ ಪತ್ರಗಳಲ್ಲಿ ಏಡನ್ನಿನ ಗೆಳೆಯರು ಬೆನ್ ಯಿಜುವಿನ ಮನೆಗೆ ಉಡುಗೊರೆಯಾಗಿ ಕಳುಹಿಸಿದ ಸಾಮಾನುಗಳ ಪಟ್ಟಿ ಇದೆ. ಸಕ್ಕರೆ, ಬಾದಾಮಿ, ಒಣದ್ರಾಕ್ಷಿ ಮತ್ತು ಬರೆಯಲು ಕಾಗದ. ಒಣದ್ರಾಕ್ಷಿಯ ವಿಷಯಕ್ಕೆ ನಾವು ಮತ್ತೆ ಬರುತ್ತೇವೆ.

ಮೀನು ತೋರಿಸಿದ ನೆಂಟಸ್ತಿಕೆ

ಭಾರತದ ಯೆಹೂದ್ಯರಲ್ಲಿ ಮುಖ್ಯವಾಗಿ ಮೂರು ಗುಂಪುಗಳಿವೆ. ಕೊಚ್ಚಿಯವರು ಬಹು ಪುರಾತನರು. ಅಲ್ಲಿನ ಪರದೇಶಿ ಪ್ರಾರ್ಥನಾಮಂದಿರ 1568ರದ್ದು. ಬಾಗ್ದಾದಿಗಳು ಬ್ರಿಟಿಷರ ಕಾಲದಲ್ಲಿ ವ್ಯಾಪಾರಕ್ಕೆ ಬಂದವರು. ಇವರಿಬ್ಬರಿಗಿಂತ ಸಂಖ್ಯೆಯಲ್ಲಿ ಹೆಚ್ಚಿನವರು ಕೊಂಕಣದ ಬೆನೆ ಇಸ್ರಯೇಲರು. ಹಡಗು ಒಡೆದು, ಬದುಕಿ ಉಳಿದ ಏಳು ದಂಪತಿಗಳು ಅಲಿಬಾಗ್ ಹತ್ತಿರದ ನವಗಾಂವ್ ತೀರ ಸೇರಿದರೆಂದೂ ಅವರ ಗ್ರಂಥಗಳೆಲ್ಲ ಸಮುದ್ರದ ಪಾಲಾದವೆಂದೂ ಅವರ ಐತಿಹ್ಯ ಹೇಳುತ್ತದೆ. ಹಳ್ಳಿಗಳಲ್ಲಿ ಅವರು ಎಣ್ಣೆಯ ಗಾಣ ಹಾಕಿ ಬದುಕಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರಿಗೆ 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಎಂಬ ಹೆಸರೇ ಬಿತ್ತು.

ಗ್ರಂಥವಿಲ್ಲ, ಗುರುಗಳಿಲ್ಲ, ಪ್ರಾರ್ಥನಾಮಂದಿರವಿಲ್ಲ. ಉಳಿದದ್ದು ಸಬ್ಬತ್ತು, ಗಂಡುಮಕ್ಕಳ ಸುನ್ನತಿ, ದೇವರು ಒಬ್ಬರೇ ಎಂದು ಸಾರುವ 'ಶೆಮಾ' ಪ್ರಾರ್ಥನೆ ಮತ್ತು ಆಹಾರದ ಕಟ್ಟಳೆ. ಕೊಚ್ಚಿಯಿಂದ ಬಂದ ದಾವೀದ್ ರಹಾಬಿ ಎಂಬವರು ಇವರನ್ನು ಪರೀಕ್ಷಿಸಿದ ಬಗೆಯನ್ನು ಬೆನೆ ಇಸ್ರಯೇಲರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಅವರು ಹಲವು ಬಗೆಯ ಮೀನುಗಳನ್ನು ಹೆಂಗಸರ ಕೈಗೆ ಕೊಟ್ಟು ಅಡುಗೆ ಮಾಡಲು ಹೇಳಿದರಂತೆ. ಹೆಂಗಸರು ರೆಕ್ಕೆ ಮತ್ತು ಹುರುಪೆ ಎರಡೂ ಇರುವ ಮೀನುಗಳನ್ನು ಮಾತ್ರ ಆರಿಸಿಕೊಂಡು, ಮಿಕ್ಕವನ್ನು ಬೇರೆ ಇಟ್ಟರು. ಇದು ಯಾಜಕಕಾಂಡದ ಹನ್ನೊಂದನೆಯ ಅಧ್ಯಾಯದ ಆಜ್ಞೆ. ಆ ಹೆಂಗಸರು ಅದನ್ನು ಓದಿದವರಲ್ಲ. ಅವರಿಗೆ ಅದನ್ನು ಕಲಿಸಿದ್ದು ಅಮ್ಮ, ಅಜ್ಜಿ. ಇವರು ನಮ್ಮವರೇ ಎಂದು ರಹಾಬಿ ತಿಳಿದುಕೊಂಡದ್ದು ಆಗ. ಬಳಿಕ ಅವರಿಗೆ ಹೀಬ್ರೂ ಪ್ರಾರ್ಥನೆಗಳನ್ನು ಕಲಿಸಿಕೊಟ್ಟರು.

ಮನೆಯ ನೇಮಗಳು

ಯೆಹೂದ್ಯರ ಊಟದ ನಿಯಮಕ್ಕೆ ಕಶ್ರುತ್ ಎಂದು ಹೆಸರು. ಗೊರಸು ಸೀಳಿರುವ, ಮೆಲುಕು ಹಾಕುವ ಪ್ರಾಣಿಯ ಮಾಂಸವನ್ನು ಮಾತ್ರ ತಿನ್ನಬಹುದು. ಹೀಗಾಗಿ ಕುರಿ, ಆಡು, ದನ ಸಲ್ಲುತ್ತವೆ, ಹಂದಿ ಸಲ್ಲದು. ಸಿಗಡಿ, ಏಡಿ, ಮರುವಾಯಿ ಸಲ್ಲವು. ರಕ್ತದಲ್ಲಿ ಪ್ರಾಣವಿದೆ ಎಂಬ ಕಾರಣಕ್ಕೆ ಮಾಂಸವನ್ನು ನೀರಿನಲ್ಲಿ ನೆನೆಸಿ, ಉಪ್ಪು ಹಚ್ಚಿ, ರಕ್ತವನ್ನೆಲ್ಲ ಬಸಿಯುತ್ತಾರೆ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಆಜ್ಞೆಯಿಂದಾಗಿ ಹಾಲು, ಮಾಂಸವನ್ನು ಒಟ್ಟಿಗೆ ಉಣ್ಣುವುದಿಲ್ಲ. ಕಟ್ಟುನಿಟ್ಟಿನ ಮನೆಗಳಲ್ಲಿ ಎರಡಕ್ಕೂ ಪಾತ್ರೆಗಳೇ ಬೇರೆ. ಕೊಂಕಣದ ಗೃಹಿಣಿಯರು ಇದಕ್ಕೊಂದು ಸೊಗಸಾದ ದಾರಿ ಕಂಡುಕೊಂಡರು. ಮಾಂಸದೂಟದ ದಿನ ಸಿಹಿಗೆ ಹಾಲಿನ ಬದಲು ತೆಂಗಿನಕಾಯಿ ಹಾಲು ಹಾಕಿದರು.

ಶುಕ್ರವಾರ ಸಂಜೆ ಸೂರ್ಯ ಮುಳುಗುವ ಮುನ್ನ ಮನೆಯೊಡತಿ ದೀಪ ಹಚ್ಚುವಳು. ಶನಿವಾರ ಒಲೆ ಹೊತ್ತಿಸುವಂತಿಲ್ಲವಾದ್ದರಿಂದ ಅಡುಗೆಯೆಲ್ಲ ಅಷ್ಟರಲ್ಲಿ ಮುಗಿದಿರಬೇಕು. ತಂದೆ ದ್ರಾಕ್ಷಾರಸದ ಬಟ್ಟಲು ಹಿಡಿದು ಸ್ತುತಿ ಹೇಳಿ, ರೊಟ್ಟಿ ಮುರಿದು ಎಲ್ಲರಿಗೂ ಕೊಡುವನು, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುವನು. ಬಾಗಿಲ ಚೌಕಟ್ಟಿನಲ್ಲಿ ಮೆಜೂಜಾ ಎಂಬ ಸಣ್ಣ ಕರಡಿಗೆ ಇರುತ್ತದೆ. ಅದರೊಳಗೆ ಧರ್ಮೋಪದೇಶಕಾಂಡದ ವಚನಗಳನ್ನು ಬರೆದ ಚರ್ಮದ ಚೂರು. ಒಳಹೋಗುವಾಗ, ಹೊರಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ದೇವಾಲಯದ ಬಾಗಿಲಲ್ಲಿ ನಾವು ತೀರ್ಥ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಳ್ಳುವುದು ಇಲ್ಲಿ ನೆನಪಾಗುತ್ತದೆ.

ಪ್ರಾರ್ಥನಾಮಂದಿರದಲ್ಲಿ ಬಲಿಪೀಠವಿಲ್ಲ. ಬಲಿ ಸಲ್ಲುತ್ತಿದ್ದುದು ಜೆರುಸಲೇಮಿನ ಮಹಾದೇವಾಲಯದಲ್ಲಿ ಮಾತ್ರ, ಕ್ರಿ.ಶ. 70ರಲ್ಲಿ ರೋಮನರು ಅದನ್ನು ಕೆಡವಿದರು. ಪ್ರಾರ್ಥನಾಮಂದಿರದಲ್ಲಿ ಇರುವುದು ಪವಿತ್ರ ಪೆಟ್ಟಿಗೆ. ಅದರೊಳಗೆ ಚರ್ಮದ ಹಾಳೆಗಳ ಮೇಲೆ ಕೈಯಿಂದ ಬರೆದ ತೋರಾ ಸುರುಳಿ. ನಮ್ಮ ಪರಮಪ್ರಸಾದ ಪೆಟ್ಟಿಗೆಯ ಮುಂದೆ ಉರಿಯುವಂತೆ ಅಲ್ಲಿಯೂ ನಂದದ ದೀಪವೊಂದು ಉರಿಯುತ್ತದೆ. ಅಕ್ಷರಗಳಿಗೆ ಬೆರಳು ಸೋಕಬಾರದೆಂದು ಕೈಯಾಕಾರದ ಬೆಳ್ಳಿಯ ಕಡ್ಡಿಯಿಂದ ಸಾಲುಗಳನ್ನು ತೋರಿಸುತ್ತಾ ಓದುತ್ತಾರೆ. ಈ ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದಂತೆ 13 ವರ್ಷ ತುಂಬಿದ ಹತ್ತು ಗಂಡಸರಾದರೂ ಬೇಕು. ಅಷ್ಟು ಮಂದಿ ಇಲ್ಲದ ಊರಿನಲ್ಲಿ ಮನೆಯ ಪ್ರಾರ್ಥನೆಯೇ ಗತಿ.

ಬೆಂಗಳೂರಿನಲ್ಲಿ

ನಮ್ಮ ಬೆಂಗಳೂರು ಅಂತಹ ಊರೇ. ಸೈನ್ಯದ ಕೆಲಸಕ್ಕೆ ಬಂದ ಬೆನೆ ಇಸ್ರಯೇಲರು, ವ್ಯಾಪಾರಕ್ಕೆ ಬಂದ ಬಾಗ್ದಾದಿಗಳು ಇಲ್ಲಿ ಕೆಲವೇ ಕುಟುಂಬಗಳಾಗಿ ನೆಲೆಸಿದರು. ಬಾಗ್ದಾದಿ ಮೂಲದ ರೂಬಿನ್ ಮೋಸೆಸ್ ಅವರ ಪಾದರಕ್ಷೆಯ ಅಂಗಡಿ ಒಂದು ಕಾಲಕ್ಕೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೆಸರಾಗಿತ್ತು. ಕೊಚ್ಚಿ, ಮುಂಬಯಿಗಳಲ್ಲಿರುವಂಥ ಪುರಾತನ ಪ್ರಾರ್ಥನಾಮಂದಿರ ಇಲ್ಲಿಲ್ಲ. ಆದರೆ ಮೈಸೂರು ರಸ್ತೆಯಲ್ಲಿ ಅವರ ಸ್ಮಶಾನವಿದೆ. 1904ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ದೊರೆತ ಭೂಮಿ ಅದು. ಯೆಹೂದ್ಯರು ಸಮಾಧಿಯ ಮೇಲೆ ಹೂವಿನ ಬದಲು ಸಣ್ಣ ಕಲ್ಲೊಂದನ್ನು ಇಟ್ಟು ಬರುತ್ತಾರೆ. 1948ರಲ್ಲಿ ಇಸ್ರಯೇಲ್ ದೇಶ ಸ್ಥಾಪನೆಯಾದ ಮೇಲೆ ಭಾರತದ ಯೆಹೂದ್ಯರಲ್ಲಿ ಬಹುಪಾಲು ಅಲ್ಲಿಗೆ ಹೋದರು. ಈಗ ಇಡೀ ದೇಶದಲ್ಲಿ ಉಳಿದವರು ಕೆಲವೇ ಸಾವಿರ.

ಹಬ್ಬಗಳು

ಅವರ ಹಬ್ಬಗಳ ವರ್ಷ ನಮಗೆ ತೀರ ಹೊಸದಲ್ಲ. ವರ್ಷಾರಂಭದ ರೋಶ್ ಹಶಾನಾದಂದು ಟಗರಿನ ಕೊಂಬನ್ನು ಊದುತ್ತಾರೆ. ಸಿಹಿಯಾದ ವರ್ಷಕ್ಕಾಗಿ ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ಹತ್ತನೆಯ ದಿನ ಯೋಮ್ ಕಿಪ್ಪುರ್. ಅಂದು ಇಪ್ಪತ್ತೈದು ಗಂಟೆ ಹನಿ ನೀರೂ ಇಲ್ಲದ ಉಪವಾಸ. ಆ ಹೊತ್ತಿಗೆ ಮುಂಚೆ ಅನ್ಯಾಯ ಮಾಡಿದವನು ಅನ್ಯಾಯಕ್ಕೊಳಗಾದವನ ಬಳಿಗೆ ತಾನೇ ಹೋಗಿ ಕ್ಷಮೆ ಕೇಳಬೇಕು. ಸಹೋದರನೊಂದಿಗೆ ರಾಜಿಯಾದ ಬಳಿಕವೇ ಕಾಣಿಕೆ ಸಲ್ಲಿಸು ಎಂದು ಯೇಸುಸ್ವಾಮಿ ಪರ್ವತ ಪ್ರಬೋಧನೆಯಲ್ಲಿ ಹೇಳಿದ್ದೂ ಇದನ್ನೇ. ಬಳಿಕ ಬರುವ ಸುಕ್ಕೋತ್ ಪರ್ಣಕುಟೀರಗಳ ಹಬ್ಬ. ಪಾಸ್ಕದ ಐವತ್ತನೆಯ ದಿನ ಬರುವ ಶಾವುಓತ್ ಹಬ್ಬದಂದೇ ಪ್ರೇಷಿತರ ಮೇಲೆ ಪವಿತ್ರಾತ್ಮರು ಇಳಿದುಬಂದರು. ನಮ್ಮ ಪಂಚಾಶತ್ತಮ ಹಬ್ಬದ ಮೂಲ ಅದೇ. ಬೆನೆ ಇಸ್ರಯೇಲರಲ್ಲಿ ಮಾತ್ರ ಇರುವ ಇನ್ನೊಂದು ಆಚರಣೆ ಮಲೀದಾ. ಹರಕೆ ತೀರಿಸುವಾಗ, ಶುಭಕಾರ್ಯಗಳಲ್ಲಿ, ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಿಹಿ, ಹಣ್ಣು ಬೆರೆಸಿ, ಪ್ರವಾದಿ ಎಲೀಯನನ್ನು ನೆನೆದು, ದೇವರನ್ನು ಸ್ತುತಿಸಿ ಹಂಚಿ ತಿನ್ನುತ್ತಾರೆ.

ಎಲ್ಲಕ್ಕೂ ಮಿಗಿಲಾದದ್ದು ಪಾಸ್ಕ. ಹಬ್ಬಕ್ಕೆ ಮುಂಚೆ ಮನೆಯ ಮೂಲೆಮೂಲೆ ಗುಡಿಸಿ, ಹುಳಿಹಿಟ್ಟಿನ ಚೂರೂ ಉಳಿಯದಂತೆ ಹೊರಹಾಕುತ್ತಾರೆ. ಹುಳಿಯಿಲ್ಲದ ರೊಟ್ಟಿಯಾದ ಮಟ್ಜಾಕ್ಕೆ ಹಿಟ್ಟು ಮತ್ತು ನೀರು ಮಾತ್ರ. ನೀರು ಸೋಕಿದ 18 ನಿಮಿಷಗಳೊಳಗೆ ಬೆಂದಿರಬೇಕು. ಹಬ್ಬದ ರಾತ್ರಿ ಮೇಜಿನ ಮೇಲೆ ದಾಸ್ಯದ ಕಹಿಗೆ ಕಹಿಸೊಪ್ಪು, ಕಣ್ಣೀರಿಗೆ ಉಪ್ಪುನೀರು, ಪಾಸ್ಕದ ಕುರಿಮರಿಯ ನೆನಪಿಗೆ ಸುಟ್ಟ ಎಲುಬು, ಇಟ್ಟಿಗೆಯ ಗಾರೆಯ ನೆನಪಿಗೆ ಹಣ್ಣು ಬೀಜಗಳ ಸಿಹಿ ಇರುತ್ತವೆ. ಬಾಗ್ದಾದಿಗಳು ಇದನ್ನು ಖರ್ಜೂರದ ಪಾಕದಿಂದ ಮಾಡುತ್ತಾರೆ. ನಾಲ್ಕು ಬಟ್ಟಲು ದ್ರಾಕ್ಷಾರಸ ಕುಡಿಯುತ್ತಾರೆ. ಈಗಿರುವ ಊಟದ ಕ್ರಮ ಬಹುಮಟ್ಟಿಗೆ ಮಹಾದೇವಾಲಯ ನಾಶವಾದ ಮೇಲೆ ರೂಪುಗೊಂಡದ್ದು. ಆದರೆ ಅದರ ಹುಳಿಯಿಲ್ಲದ ರೊಟ್ಟಿ, ಕಹಿಸೊಪ್ಪುಗಳು ವಿಮೋಚನಕಾಂಡದಷ್ಟೇ ಹಳೆಯವು. ಸ್ತುತಿ ಹೇಳಿ ಕೊಟ್ಟ ರೊಟ್ಟಿ ಮತ್ತು ಬಟ್ಟಲು ಯೇಸುಸ್ವಾಮಿಯ ಮೇಜಿನ ಮೇಲೂ ಇದ್ದವು. ನಮ್ಮ ಪೂಜೆಯ ಹುಳಿಯಿಲ್ಲದ ರೊಟ್ಟಿ ಆ ರಾತ್ರಿಯ ಗುರುತು.

ಆ ಊಟದಲ್ಲಿ ಮೊದಲು ಮಾತಾಡುವವರು ಹಿರಿಯರಲ್ಲ. ಮನೆಯ ಅತಿ ಕಿರಿಯ ಮಗು ಎದ್ದು, ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಏಕೆ ಬೇರೆ ಎಂದು ಕೇಳಬೇಕು. ಆಗ ಹಿರಿಯರು ಈಜಿಪ್ಟಿನ ದಾಸ್ಯದ, ಬಿಡುಗಡೆಯ ಕಥೆ ಹೇಳುತ್ತಾರೆ. ಎಂದೋ ಯಾರಿಗೋ ಆದದ್ದೆಂದು ಹೇಳುವುದಿಲ್ಲ. ನಮ್ಮನ್ನೇ ದೇವರು ಬಿಡಿಸಿದರೆಂದು ಹೇಳುತ್ತಾರೆ.

ಈಗ ಒಣದ್ರಾಕ್ಷಿಯ ವಿಷಯ. ಶುದ್ಧವೆಂದು ನಂಬಬಹುದಾದ ದ್ರಾಕ್ಷಾರಸ ಸಿಗದ ಕಡೆ, ಒಣದ್ರಾಕ್ಷಿಯನ್ನು ನೆನೆಸಿ ಹಿಂಡಿದ ರಸವೂ ಸಬ್ಬತ್ತಿನ ಬಟ್ಟಲಿಗೆ ಸಲ್ಲುತ್ತದೆ. ಬೆನೆ ಇಸ್ರಯೇಲರ ಮನೆಗಳಲ್ಲಿ ಈ ಶರಬತ್ತೇ ರೂಢಿ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ 'ಬೆಂಗಳೂರು ನೀಲಿ' ದ್ರಾಕ್ಷಿಯ ಚಪ್ಪರಗಳನ್ನು ಕಂಡಾಗ, ಒಂದು ಹಿಡಿ ಒಣದ್ರಾಕ್ಷಿಯಿಂದ ದೇವರ ಆಜ್ಞೆಯನ್ನು ಉಳಿಸಿಕೊಂಡ ಆ ಬಡ ಗಾಣಿಗರನ್ನು ನಾವು ನೆನೆಯಬಹುದು.

ಅದೇ ಅಡುಗೆಮನೆ ಅಪರಾಧವಾದಾಗ

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕೊಂಕಣದಲ್ಲಿ ಬಂಧುತ್ವದ ಗುರುತಾದ ಅಡುಗೆಮನೆ ಅದೇ ಕರಾವಳಿಯ ಗೋವೆಯಲ್ಲಿ ಸಾವಿನ ಕಾರಣವಾಯಿತು, ಅದೂ ಕ್ರೈಸ್ತರ ಕೈಯಿಂದ. ಪೋರ್ಚುಗಲ್ಲಿನಲ್ಲಿ ಬಲವಂತದಿಂದ ಜ್ಞಾನಸ್ನಾನ ಪಡೆದ ಯೆಹೂದ್ಯರ ಮಕ್ಕಳು, ಮೊಮ್ಮಕ್ಕಳು ಹಲವರು ಗೋವೆಗೆ ಬಂದಿದ್ದರು. 1560ರಲ್ಲಿ ಅಲ್ಲಿ ಇನ್ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಮಂಡಳಿ ಸ್ಥಾಪನೆಯಾದಾಗ ಅದರ ಕಣ್ಣು ಮೊದಲು ಇವರ ಮೇಲೆ ಬಿತ್ತು. ಹಂದಿಮಾಂಸ ಬೇಡವೆನ್ನುವುದು, ಶುಕ್ರವಾರ ಸಂಜೆ ದೀಪ ಹಚ್ಚುವುದು, ಶನಿವಾರ ಮಡಿಬಟ್ಟೆ ಉಡುವುದು ಇಂಥವೇ ಆ ನ್ಯಾಯಮಂಡಳಿಗಳಿಗೆ ಸಾಕ್ಷ್ಯಗಳಾಗಿದ್ದವು.

ಭಾರತದ ಔಷಧಿ ಸಸ್ಯಗಳ ಬಗ್ಗೆ 1563ರಲ್ಲಿ ಗೋವೆಯಲ್ಲೇ ಮುದ್ರಣವಾದ ಹೆಸರಾಂತ ಗ್ರಂಥವನ್ನು ಬರೆದ ವೈದ್ಯ ಗಾರ್ಸಿಯಾ ದ ಒರ್ತಾ ಇಂಥ ವಂಶದವರು. ಅವರು 1568ರಲ್ಲಿ ತೀರಿಕೊಂಡರು. ಮರುವರ್ಷ ಅವರ ತಂಗಿ ಕತರೀನಾಳನ್ನು ಗುಟ್ಟಾಗಿ ಯೆಹೂದ್ಯ ಧರ್ಮ ಪಾಲಿಸಿದಳೆಂದು ಜೀವಂತ ಸುಟ್ಟರು. 1580ರಲ್ಲಿ ವೈದ್ಯರ ಎಲುಬುಗಳನ್ನೂ ಸಮಾಧಿಯಿಂದ ಅಗೆದು ತೆಗೆದು ಸುಟ್ಟರು. ಮುಂದೆ ಇದೇ ಕಣ್ಣು ನಮ್ಮ ಹಿರಿಯರ ಅಡುಗೆಮನೆಗೂ ಹೊಕ್ಕಿತು. 1736ರ ಆಜ್ಞೆಯೊಂದು ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸುವುದನ್ನೂ ಕೊಂಕಣಿ ಕ್ರೈಸ್ತರಿಗೆ ನಿಷೇಧಿಸಿತು. 1812ರಲ್ಲಿ ಈ ನ್ಯಾಯಮಂಡಳಿ ಕೊನೆಗೊಂಡಿತು.

ಧರ್ಮಸಭೆ ಇದನ್ನು ಮುಚ್ಚಿಡಲಿಲ್ಲ. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ಹೀಗಳೆಯುವಂತಿದ್ದ ಪದವನ್ನು ಜಗದ್ಗುರು ಇಪ್ಪತ್ತಮೂರನೆಯ ಜಾನ್ 1959ರಲ್ಲಿ ತೆಗೆಸಿದರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 'ನೋಸ್ತ್ರಾ ಎತಾತೆ' ಘೋಷಣೆಯ ಮೂಲಕ, ಯೇಸುಸ್ವಾಮಿಯ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದೆಂದು ಸ್ಪಷ್ಟಪಡಿಸಿತು. ಜಗದ್ಗುರು ಎರಡನೆಯ ಜಾನ್ ಪೌಲ್ 1986ರ ಏಪ್ರಿಲ್ 13ರಂದು ರೋಮಿನ ಯೆಹೂದ್ಯ ಪ್ರಾರ್ಥನಾಮಂದಿರಕ್ಕೆ ಭೇಟಿಯಿತ್ತು ಅವರನ್ನು ಹಿರಿಯ ಸಹೋದರರೆಂದು ಕರೆದರು. 2000ದ ಮಾರ್ಚ್ ತಿಂಗಳಲ್ಲಿ ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಗಳ ಸಂದಿನಲ್ಲಿ ಕ್ಷಮೆ ಬೇಡುವ ಪ್ರಾರ್ಥನೆಯ ಚೀಟಿಯಿಟ್ಟರು. ನಾವು ಒಳ್ಳೆಯ ಓಲಿವ್ ಮರಕ್ಕೆ ಕಸಿಕಟ್ಟಿದ ಕೊಂಬೆಗಳು, ನಮ್ಮನ್ನು ಹೊತ್ತಿರುವುದು ಬೇರು ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಮೊದಲೇ ಎಚ್ಚರಿಸಿದ್ದರು.

ನಾವೇನು ಮಾಡೋಣ?

ಪ್ರಿಯರೇ, ಶುಭ ಶುಕ್ರವಾರ ಸಂತ ಯೊವಾನ್ನರ ಶುಭಸಂದೇಶದ ಪಾಡುಗಳ ವಾಚನದಲ್ಲಿ 'ಯೆಹೂದ್ಯರು' ಎಂಬ ಪದ ಮತ್ತೆ ಮತ್ತೆ ಬರುವಾಗ, ನಮ್ಮ ಮಕ್ಕಳು ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂದು ಗಮನಿಸೋಣ. ಶಿಲುಬೆಯ ಬುಡದಲ್ಲಿ ಅಳುತ್ತಾ ನಿಂತ ತಾಯಿಯೂ ಯೆಹೂದ್ಯಳೇ ಎಂದು ಅವರಿಗೆ ಹೇಳೋಣ. ನೆರೆಮನೆಯವರು ಏನು ತಿನ್ನುತ್ತಾರೆ, ಏನು ಬಿಡುತ್ತಾರೆ ಎಂಬುದರ ಮೇಲೆ ಅವರನ್ನು ಅಳೆಯುವ ಚಾಳಿ ಇಂದಿಗೂ ನಮ್ಮ ಸುತ್ತ ಇದೆ, ನಮ್ಮಲ್ಲಿಯೂ ಇದೆ. ಕತರೀನಾಳ ಕಥೆ ಬಲ್ಲ ನಾವು ಅದಕ್ಕೆ ದನಿಗೂಡಿಸಲಾಗದು.

ಯೆಹೂದ್ಯರ ಪಾಸ್ಕದೂಟವನ್ನು ನಾಟಕದಂತೆ ನಾವು ಅನುಕರಿಸಬೇಕಾಗಿಲ್ಲ; ಅದು ಅವರ ಪೂಜೆ, ಅದನ್ನು ಗೌರವಿಸಿದರೆ ಸಾಕು. ನಮ್ಮದೇ ಆದದ್ದನ್ನು ನಾವು ಮಾಡಬಹುದು. ಕುಟುಂಬವನ್ನು ಮನೆಯ ಧರ್ಮಸಭೆ ಎಂದು ಮಹಾಸಭೆ ಕರೆದಿದೆ. ಪವಿತ್ರ ಗುರುವಾರ ಪೂಜೆಗೆ ಹೊರಡುವ ಮುನ್ನ, ದೂರದರ್ಶನವನ್ನೂ ಮೊಬೈಲನ್ನೂ ಬದಿಗಿಟ್ಟು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ವಿಮೋಚನಕಾಂಡದ ಹನ್ನೆರಡನೆಯ ಅಧ್ಯಾಯ ಓದೋಣ. ಇಂದು ಗುರುಗಳು ಕಾಲು ತೊಳೆಯುವುದೇಕೆ, ಪೀಠದ ಬಟ್ಟೆ ತೆಗೆಯುವುದೇಕೆ ಎಂದು ಮನೆಯ ಕಿರಿಯ ಮಗು ಕೇಳಲಿ. ಅಜ್ಜ ಅಜ್ಜಿಯರು ಉತ್ತರಿಸಲಿ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡುವುದು, ಊಟಕ್ಕೆ ಮುಂಚಿನ ಪ್ರಾರ್ಥನೆ, ಸಂಜೆಯ ಜಪಸರ ಇವುಗಳನ್ನು ಸಣ್ಣ ನೇಮಗಳೆಂದು ಕಡೆಗಣಿಸದಿರೋಣ. ಗ್ರಂಥಗಳೆಲ್ಲ ಸಮುದ್ರ ಪಾಲಾದಾಗ ಒಂದು ಜನಾಂಗದ ವಿಶ್ವಾಸವನ್ನು ಉಳಿಸಿಕೊಟ್ಟದ್ದು ಇಂಥ ಸಣ್ಣ ನೇಮಗಳೇ.

ಅಬ್ರಹಾಮನ ದೇವರು, ಯೇಸುಸ್ವಾಮಿಯ ತಂದೆ, ನಮ್ಮೆಲ್ಲರ ಮನೆಗಳನ್ನು ಹರಸಲಿ. ಆಮೆನ್.